ಉತ್ತರ ಬಾರದಿದ್ದರೆ ಒಪ್ಪಿಗೆ

ಲಿಫ್ಟುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಹೊಸ ಕೋಡು ಯಾವುದಾದರೂ ಕಟ್ಟಡಕ್ಕೆ ಹೋದ ದಿನ ಅದಕ್ಕೊಂದು ಟ್ಯಾಗ್ ಅಂಟಿಸುವುದು ಅವಳ ಕೆಲಸ. ಅಡುಗೆಮನೆಯ ಡಬ್ಬಿಗಳ ಮೇಲೆ ಹೆಸರು ಬರೆದಿಟ್ಟ ಹಾಗೆ: ಇಂಥ ಆಸ್ಪತ್ರೆಯ ಮೂರನೇ ಲಿಫ್ಟಿನಲ್ಲಿ ಓಡುತ್ತಿರುವುದು ಇದೇ ಕೋಡು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಲ್ಲಾದರೂ ಲಿಫ್ಟು ನಡುವೆ ನಿಂತರೆ ಮೊದಲು ಹುಡುಕುವುದು ಆ ಟ್ಯಾಗನ್ನೇ. ಎಂಟು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ.

ಹೊಸದಾಗಿ ಬಂದ ಮ್ಯಾನೇಜರಿಗೆ ಆ ಟ್ಯಾಗುಗಳ ಪಟ್ಟಿ ಕಣ್ಣಿಗೆ ಚುಚ್ಚಿತು. ಉದ್ದವಂತೆ! ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಪೈಕಿ ಅವನು. ಕೆಲಸಗಳನ್ನು ತಾನಾಗಿಯೇ ನಡೆಸುವ ಒಂದು ಟೂಲ್ ತಂದು ಕೂರಿಸಿದ. ಪ್ರತಿ ಮಂಗಳವಾರ ಹತ್ತಕ್ಕೆ ಅದು ಎರಡು ವರ್ಷಕ್ಕಿಂತ ಹಳೆಯ ಟ್ಯಾಗುಗಳನ್ನೆಲ್ಲ ಒಟ್ಟು ಮಾಡಿ, 'ಅಳಿಸಲೇ?' ಎಂದು ಚೀಟಿಯಕ್ಕನನ್ನು ಕೇಳುತ್ತಿತ್ತು. ಮೂರು ಮಂಗಳವಾರವೂ ಅವಳು 'ಬೇಡ' ಒತ್ತಿದಳು. ಹಳೆಯ ಕೋಡು ಇನ್ನೂ ಲಿಫ್ಟುಗಳಲ್ಲಿ ಓಡುತ್ತಿದೆ, ಅದರೊಳಗೆ ಜನ ನಿಂತಿರುತ್ತಾರೆ ಎಂದು ಕಾರಣವನ್ನೂ ಬರೆದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನಾಲ್ಕನೇ ಮಂಗಳವಾರ ಅವಳಿಗೆ ದವಡೆ ಹಲ್ಲಿನ ಚಿಕಿತ್ಸೆ. ರಜೆ ಮಂಜೂರು ಮಾಡಿದವನು ಅದೇ ಮ್ಯಾನೇಜರು. ಹಲ್ಲಿನ ಡಾಕ್ಟರು ಅವಳ ಸ್ವಂತ ತಂಗಿ. ಅಕ್ಕನ ಕೈಯಿಂದ ಫೋನು ಕಿತ್ತು ಡ್ರಾಯರಿಗೆ ಹಾಕಿದಳು.

"ಬಾಯಿ ತೆಗಿ ಅಕ್ಕ. ಆಫೀಸು ಎರಡೂವರೆ ಗಂಟೆ ನೀನಿಲ್ದೆ ಬದುಕುತ್ತೆ."

ಬದುಕಲಿಲ್ಲ. ಅರ್ಧ ಮುಖ ಮರಗಟ್ಟಿಸಿಕೊಂಡು ಹೊರಬಂದು ಫೋನು ತೆರೆದರೆ ಸಂದೇಶ ಕಾದಿತ್ತು: ನಾನೂರ ಹನ್ನೆರಡು ಟ್ಯಾಗ್ ಅಳಿಸಲಾಗಿದೆ. ಒಪ್ಪಿಗೆ ಕೊಟ್ಟವರು ಎಂಬಲ್ಲಿ ಅವಳದೇ ಹೆಸರು. ಫೋನಿನಲ್ಲೇ ಟೂಲಿನ ನಿಯಮಗಳನ್ನು ತೆರೆದು ನೋಡಿದಳು. ಸೋಮವಾರ ಸಂಜೆ ಮ್ಯಾನೇಜರು ಆ ಟೂಲಿಗೆ ಒಂದು ಸಾಲು ಸೇರಿಸಿದ್ದ: ಎರಡು ಗಂಟೆಯೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯುವುದು.

ಊದಿದ ಕೆನ್ನೆಯಲ್ಲೇ ನೇರ ಆಫೀಸಿಗೆ ನಡೆದಳು. ಅವಳ ಕಂಪ್ಯೂಟರಿನಲ್ಲಿ ಎಲ್ಲದರ ಪ್ರತಿಯಿತ್ತು. ಹತ್ತು ನಿಮಿಷದಲ್ಲಿ ಟ್ಯಾಗುಗಳೆಲ್ಲ ತಮ್ಮ ಜಾಗಕ್ಕೆ ಮರಳಿದವು.

"ನೋಡಿ, ಎಲ್ಲಾ ವಾಪಸ್ ಬಂತಲ್ಲ, ಇನ್ನೇನು?" ಎಂದ ಮ್ಯಾನೇಜರು.

"ಟ್ಯಾಗ್ ಬಂತು ಸರ್. ನನ್ನ ಹೆಸರು?"

"ಆ ಟೂಲಿನ ದಾಖಲೆ ತಿದ್ದೋಕೆ ಬರಲ್ಲ. ಬೇಕಾದ್ರೆ ಕೆಳಗೆ ಇನ್ನೊಂದು ಸೇರಿಸ್ಬಹುದು ಅಷ್ಟೆ. ನೀವು ಉತ್ತರ ಕೊಡ್ಬೇಕಿತ್ತು."

"ಬಾಯೊಳಗೆ ಡ್ರಿಲ್ ಇತ್ತು!"

"ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ," ಎಂದು ನಕ್ಕ.

ನಕ್ಕನಲ್ಲ, ಅದೇ ತಡೆಯಲಾಗದ್ದು. ಬಾಯಿ ಕಟ್ಟಿಹೋಗಿರುವ ಹೊತ್ತು ನೋಡಿ ಪ್ರಶ್ನೆ ಕೇಳುವುದು, ಆಮೇಲೆ ನೀನೇ ಹೂಂ ಅಂದೆ ಎನ್ನುವುದು! ಮುಂದಿನ ವಾರ ಲಿಫ್ಟುಗಳ ಸುರಕ್ಷತೆ ನೋಡುವ ತಪಾಸಣೆಯವರು ಬರುವವರಿದ್ದರು. ಅವರು ಓದುವುದು ಆ ದಾಖಲೆಯನ್ನೇ. ಗುರುತು ಕಾಯಬೇಕಾದವಳೇ ಅಳಿಸಲು ಒಪ್ಪಿದಳು ಎಂದು ಓದಿದ ಮೇಲೆ ಅವಳು ಅಂಟಿಸಿದ ಯಾವ ಚೀಟಿಯನ್ನು ನಂಬಿಯಾರು? ಎಂಟು ವರ್ಷದ ಹೆಸರು ಒಂದು ಹಲ್ಲಿನ ದೆಸೆಯಿಂದ ಹೋಗುವುದರಲ್ಲಿತ್ತು.

ಮರುದಿನ ಬುಧವಾರ ಹತ್ತರಿಂದ ಒಂದರವರೆಗೆ ಮ್ಯಾನೇಜರಿಗೆ ಮೇಲಿನವರ ಜೊತೆ ಮೀಟಿಂಗು. ಒಳಗೆ ಫೋನು ಬಂದ್ ಮಾಡಬೇಕೆಂಬುದು ಅವನೇ ಮಾಡಿದ ನಿಯಮ. ಬಾಗಿಲು ಮುಚ್ಚಿಕೊಂಡ ಕೂಡಲೇ ಚೀಟಿಯಕ್ಕ ಅದೇ ಟೂಲಿನಲ್ಲಿ, ಅವನ ಆ ಸಾಲನ್ನು ಹಾಗೆಯೇ ಉಳಿಸಿಕೊಂಡು, ಅವನ ಹೆಸರಿಗೆ ಒಂದು ಪ್ರಶ್ನೆ ಕಳಿಸಿದಳು: 'ಟ್ಯಾಗುಗಳನ್ನು ಅಳಿಸಿದ್ದು ಮ್ಯಾನೇಜರಾದ ನನ್ನ ನಿರ್ಧಾರ. ಟ್ಯಾಗ್ ಅಂಟಿಸುವವರು ಮೂರು ಸಲ ಬೇಡ ಎಂದಿದ್ದರು. ಹೀಗೆಂದು ದಾಖಲಿಸಲೇ?'

ಹನ್ನೆರಡು ಹೊಡೆಯಿತು. ದಾಖಲೆಯ ಕೊನೆಗೆ ಆ ಮಾತು ಸೇರಿತು, ಒಪ್ಪಿಗೆ ಕೊಟ್ಟವರು ಎಂಬಲ್ಲಿ ಮ್ಯಾನೇಜರನ ಹೆಸರು ಬಿತ್ತು.

ಒಂದಕ್ಕೆ ಹೊರಬಂದವನು ಫೋನು ನೋಡಿ ಕೆಂಡವಾದ. "ಏನ್ರೀ ಇದು? ನಾನೆಲ್ಲಿ ಒಪ್ಪಿದೆ? ಮೀಟಿಂಗಲ್ಲಿದ್ದೆ ಕಣ್ರೀ! ತೆಗೀರಿ ಅದನ್ನ!"

"ತಿದ್ದೋಕೆ ಬರಲ್ಲ ಸರ್. ನೀವೇ ಹೇಳಿದ್ರಿ."

ಅಕ್ಕಪಕ್ಕದ ಮೇಜುಗಳವರು ಕುರ್ಚಿ ಇತ್ತ ತಿರುಗಿಸಿ ಕೂತರು. ಮ್ಯಾನೇಜರು ಎಲ್ಲರ ಮುಖ ನೋಡಿದ. "ಹಾಗಾದ್ರೆ ಆ ಎರಡು ಗಂಟೆ ಸಾಲಾದ್ರೂ ಕಿತ್ತು ಬಿಸಾಕಿ," ಎಂದ.

"ಬರೆದು ಕೇಳಿ ಸರ್. ಉತ್ತರ ಕೊಡ್ತೀನಿ."

ಹಲ್ಲು ಕಡಿಯುತ್ತ ಕೂತು ಟೈಪು ಮಾಡಿದ. ಅವಳ ಪರದೆಯ ಮೇಲೆ ಪ್ರಶ್ನೆ ಬಂತು: 'ಉತ್ತರ ಬಾರದಿದ್ದರೆ ಒಪ್ಪಿಗೆ ಎಂಬ ಸಾಲನ್ನು ಅಳಿಸಲೇ?' ಚೀಟಿಯಕ್ಕ ಊದಿದ ಕೆನ್ನೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ತಾನೇ 'ಒಪ್ಪಿಗೆ' ಒತ್ತಿದಳು.