ಗೂಡಿಗೇರಿದ ದಬ್ಬುಗೋಲು

ಆ ಕಟ್ಟಿಗೆಯ ತುಂಡನ್ನು ದೇವರ ಗೂಡಿನಲ್ಲಿಟ್ಟ ದಿನವೇ ನಾಮದೇವ ಬೇಡವೆನ್ನಬೇಕಾಗಿತ್ತು. ಅನ್ನಲಿಲ್ಲ. ಅಂದು ಅವನಿಗೆ ಒಳಗೊಳಗೇ ಹಿಗ್ಗಾಗಿತ್ತು. ಆ ಹಿಗ್ಗು ಆಮೇಲೆ ಅಂಗಾಲಿನ ಮುಳ್ಳಾಯಿತು.

ಚಿಕ್ಕೋಡಿಯಲ್ಲಿ ಅಂಕಲಿ ರಸ್ತೆಗೆ ಹೊಂದಿಕೊಂಡ ಧರಣೇಂದ್ರನ ಬಡಿಗತನದ ಶೆಡ್ಡಿನಲ್ಲಿ ನಾಮದೇವ ಹದಿನೆಂಟು ವರ್ಷದಿಂದ ಕೆಲಸಕ್ಕಿದ್ದ. ಹೆಂಡತಿ ಮಾಯಾಳ ತಮ್ಮ ಭೀಮಸಿಯನ್ನು ಅಲ್ಲಿಗೆ ಕರೆತಂದು ಕೆಲಸ ಕಲಿಸಿದವನೂ ಅವನೇ. ಭೀಮಸಿ ಈಗ ಗುರುವನ್ನು ಮೀರಿಸಿದ್ದ. ಮೇಜಿನ ನಡುವೆ ದುಂಡು ಬ್ಲೇಡು ತಿರುಗುವ ಗರಗಸದ ಮಷೀನು ಅವನ ಪಾಲಿಗೆ ಸಾಕಿದ ಎತ್ತಿನಷ್ಟು ಪಳಗಿತ್ತು. ನಾಮದೇವನಿಗೆ ಮಾತ್ರ ಅದು ಗುರ್ರೆಂದಾಗೆಲ್ಲ ಇಂದಿಗೂ ಎದೆ ಹಾರುತ್ತಿತ್ತು.

ಆ ಅಂಜಿಕೆಯಿಂದಲೇ ದಬ್ಬುಗೋಲು ಹುಟ್ಟಿದ್ದು. ಯಾರದೋ ಅಡುಗೆಮನೆ ಕಪಾಟಿಗೆ ಕೊಯ್ದು ಉಳಿದ ಪ್ಲೈವುಡ್ಡಿನ ಮೊಳದುದ್ದದ ತುಂಡು. ಒಂದು ತುದಿಯನ್ನು ಮುಷ್ಟಿಗೆ ಒಗ್ಗುವಂತೆ ಉಜ್ಜಿ ನುಣುಪು ಮಾಡಿದ್ದ. ಇನ್ನೊಂದು ತುದಿಗೆ ಹಕ್ಕಿ ಬಾಯಿ ತೆರೆದಂಥ ಕಚ್ಚು. ಸೀಳುವ ಪಟ್ಟಿಯ ಹಿಂಬದಿಯನ್ನು ಆ ಕಚ್ಚಿಗೆ ಸಿಕ್ಕಿಸಿ ದಬ್ಬಿದರೆ ಕೈ ಬ್ಲೇಡಿನಿಂದ ಗೇಣು ದೂರ ಉಳಿಯುತ್ತದೆ. ಮಷೀನು ಚಾಲೂ ಮಾಡುವ ಮೊದಲೇ ಅದನ್ನು ಬಲಗೈಗೆ ಎಟುಕುವಂತೆ ಇಟ್ಟುಕೊಳ್ಳಬೇಕು, ನಡುವೆ ಹುಡುಕಾಡಬಾರದು ಎಂದು ಹೇಳಿ ಹೇಳಿ ನಾಮದೇವನ ಗಂಟಲು ಒಣಗಿತ್ತು.

“ದಾಜಿ, ಮನ್ಯಾಗ ರೊಟ್ಟೀನೂ ಕೋಲಿಲೇ ಮುರೀತಿ ಏನ? ನಮ್ಮಕ್ಕನ್ನ ಕೇಳ್ತೀನಿ ತಡಿ,” ಎಂದು ಭೀಮಸಿ ನಗುತ್ತಿದ್ದ. ಆದರೂ ಅಕ್ಕನ ಗಂಡನ ಮಾತು ಮುರಿಯಬಾರದೆಂದು ಕೋಲು ಹಿಡಿಯುತ್ತಿದ್ದ.

ದಸರೆಯ ಖಂಡೇಪೂಜೆಗೆ ಎಂಟು ದಿನವಿದ್ದಾಗ, ಸೀಳುತ್ತಿದ್ದ ಸಾಗವಾನಿ ಪಟ್ಟಿ ಬ್ಲೇಡನ್ನು ಅಮುಕಿ ಹಿಡಿದು ಹಿಂದಕ್ಕೆ ಸಿಡಿಯಿತು. ಭೀಮಸಿಯ ಕೈ ತೂಕ ತಪ್ಪಿ ಮುಂದಕ್ಕೆ ಹೋಯಿತು. ಕೋಲಿನ ಮೂತಿ ಬ್ಲೇಡಿಗೆ ಸಿಕ್ಕಿ ಎರಡು ಬೆರಳಗಲದ ತುಂಡು ಹಾರಿತು. ಮಷೀನು ನಿಂತ ಮೇಲೆ ಅವನು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ.

ಸುದ್ದಿ ಕೇಳಿ ಧರಣೇಂದ್ರನ ತಾಯಿ ಕಾಶಿಬಾಯಿ ಶೆಡ್ಡಿಗೇ ಬಂದರು. ಮುಕ್ಕಾದ ಕೋಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. “ಬೆರಳಿನ ಬದ್ಲಿ ತನ್ನ ಮೈ ಕೊಟ್ಟೈತೆಪಾ ಇದು. ಇದನ್ನೂ ಪೂಜಿಗೆ ಇಡ್ರಿ. ನಾಮದೇವ, ನಿನ್ನ ಕೈಗುಣ ಬಾಳ ದೊಡ್ಡದು.”

ಅಂಜುಬುರುಕ ಎಂದು ಕರೆಸಿಕೊಂಡೇ ಐವತ್ತು ದಾಟಿದವನಿಗೆ ಆ ಮಾತು ಸಕ್ಕರೆಯಾಯಿತು. ಪೂಜೆಯಲ್ಲಿ ಉಳಿ, ಕೊಡತಿ, ಕೈಗರಗಸಗಳ ನಡುವೆ ಅವನ ಕೋಲೂ ಚೆಂಡುಹೂ ಮುಡಿದು ಕೂತಿತು. ಮರುದಿನ ಉಳಿದೆಲ್ಲ ಕೆಲಸಕ್ಕೆ ಇಳಿದವು. ಕೋಲು ಮಾತ್ರ ಗೋಡೆಯ ಗೂಡಿನಲ್ಲೇ ಉಳಿಯಿತು.

ಭೀಮಸಿ ದಿನಾ ಮುಂಜಾನೆ ಚಪ್ಪಲಿ ಬಿಟ್ಟು ಗೂಡಿಗೆ ಊದಬತ್ತಿ ಹಚ್ಚುವುದು, ಕೋಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ರೂಢಿಯಾಯಿತು. ಆಮೇಲೆ ಮಷೀನಿಗೆ ಹೋಗಿ ಬರಿಗೈಯಲ್ಲೇ ಪಟ್ಟಿ ದಬ್ಬುತ್ತಿದ್ದ.

ನಾಮದೇವ ನಾಲ್ಕು ದಿನ ನೋಡಿಯೂ ಸುಮ್ಮನಿದ್ದ. ಐದನೆಯ ದಿನ ಹೊಸ ಕೋಲು ಮೂರು ಮಾಡಿ ಮಷೀನಿನ ಪಕ್ಕದ ಮೊಳೆಗೆ ತೂಗುಹಾಕಿದ.

“ಇವು ಬರೇ ಕಟ್ಟಿಗಿ ದಾಜಿ,” ಎಂದ ಭೀಮಸಿ. “ಅದು ಅಲ್ಲಿ ಕುಂತ ನೋಡಾಕತ್ತೈತಿ. ನೀ ಯಾಕ ಚಿಂತಿ ಮಾಡ್ತಿ?”

“ಅದೂ ಕಟ್ಟಿಗೀನ ಐತೋ. ನಾನ ಮಾಡೇನಿ.”

“ಮಾಡಿದಾಂವ ನೀ. ಕಾಯಾಂವ ಬ್ಯಾರೆ ಅದಾನ.”

ಧರಣೇಂದ್ರನಿಗೆ ಹೇಳಿದರೆ, “ನಮ್ಮವ್ವಗ ಯಾರ ಹೇಳಬೇಕ್ರಿ? ನೀವ ಹೇಳ್ರಿ ನೋಡೂಣು,” ಎಂದು ನಕ್ಕು ಕೈಚೆಲ್ಲಿದ.

ಮುಂದಿನ ಸೋಮವಾರ ಕಿಟಕಿಗಳಿಗೆ ಬೀಡಿಂಗಿನ ಸಣ್ಣ ಪಟ್ಟಿ ಸೀಳುವ ಕೆಲಸ ಬಂತು. ಬ್ಲೇಡಿಗೂ ಕಟ್ಟಿಗೆ ಒರಗಿಸಿ ದಬ್ಬುವ ಆಸರೆಪಟ್ಟಿಗೂ ನಡುವೆ ಬೆರಳಗಲದ ಜಾಗ. ಹನ್ನೊಂದನೆಯ ಪಟ್ಟಿಗೆ ಭೀಮಸಿ ಕೈ ಹಿಂದೆಳೆದುಕೊಂಡ. ಹೆಬ್ಬೆರಳಿನ ಉಗುರಿನ ತುದಿ ಹೋಗಿ ರಕ್ತ ಒಸರುತ್ತಿತ್ತು. ನಾಮದೇವ ಓಡಿಬಂದು ಮಷೀನು ಬಂದ್ ಮಾಡಿದ.

ಭೀಮಸಿ ಮಾತ್ರ ನಗುತ್ತಿದ್ದ. “ನೋಡಿದಿ? ಬರೇ ಉಗರ! ಬೆರಳ ಹೋಗಬೇಕಾದದ್ದು ಉಗರಿನ ಮ್ಯಾಲ ಹೋತು.” ರಕ್ತದ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಗೂಡಿನತ್ತ ತಿರುಗಿ ತಲೆಬಾಗಿದ.

ಆಗ ನಾಮದೇವನಿಗೆ ಎಲ್ಲ ಸ್ಪಷ್ಟವಾಯಿತು. ಇವನಿಗೆ ಗಾಯವೂ ಸಾಕ್ಷಿಯೇ. ಒಂದು ಬೆರಳು ಹೋದರೂ ಕೈ ಉಳಿಯಿತೆಂದು ಊದಬತ್ತಿ ಹಚ್ಚುತ್ತಾನೆ.

ನಾಮದೇವ ಚಪ್ಪಲಿ ಬಿಡದೆ ಗೂಡಿನವರೆಗೆ ನಡೆದ. ಕೋಲನ್ನು ತೆಗೆದು ಒಣಗಿದ ಹೂ ಉದುರಿಸಿದ. ಮಷೀನಿನ ಎದುರು ಬ್ಲೇಡಿನ ನೇರ ಬಿಟ್ಟು ಒಂದು ಪಕ್ಕಕ್ಕೆ ನಿಂತು, ಕೋಲನ್ನು ಉದ್ದಕ್ಕೆ ಆಸರೆಪಟ್ಟಿಗೆ ಆನಿಸಿದ. ಮೊಳೆಯಿಂದ ಹೊಸ ಕೋಲು ತಂದು ಅದರ ಹಿಂದೆ ಕಚ್ಚು ಸಿಕ್ಕಿಸಿದ. ಆಮೇಲೆ ಮಷೀನು ಚಾಲೂ ಮಾಡಿ ಮೆಲ್ಲಗೆ ದಬ್ಬಿದ. ಕುಂಕುಮದ ಕಲೆಯನ್ನು ನಡುವೆ ಸೀಳಿಕೊಂಡು ಬ್ಲೇಡು ಆಚೆ ಹೋಯಿತು. ಕೆಂಪು ಹೊಟ್ಟು ಮೇಜಿನ ಮೇಲೆ ಸುರಿಯಿತು.

“ನೋಡು, ಒಳಗ ಏನರ ಐತೇನು?” ಎಂದು ಎರಡೂ ಹೋಳು ಮುಂದೆ ಹಿಡಿದ. “ಪ್ಲೈ. ಬರೇ ಪ್ಲೈ.”

ಭೀಮಸಿ ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೂ ನಾಮದೇವ ಹೊಡೆಸಿಕೊಳ್ಳುತ್ತಿದ್ದ. ಭೀಮಸಿ ಬಿಳಿಚಿಕೊಂಡು ತನ್ನ ಅಂಗೈಗಳನ್ನೇ ನೋಡುತ್ತ ನಿಂತ. “ಏನ ಮಾಡಿದಿ? ಇನ್ನ ನನಗ ಯಾರ ಗತಿ?” ಎಂದಷ್ಟೇ ಕೇಳಿದ.

ವಿಷಯ ತಿಳಿದ ಧರಣೇಂದ್ರ, ಕೋಲನ್ನು ಇಲಿ ಒಯ್ತೆಂದು ತಾಯಿಗೆ ಹೇಳುತ್ತೇನೆಂದ.

ಮರುದಿನದಿಂದ ಭೀಮಸಿ ಹೊಸ ಕೋಲು ಹಿಡಿದ. ಮೊದಲಿನ ಚುರುಕು ಮಾಯವಾಗಿತ್ತು. ಒಂದೊಂದು ಪಟ್ಟಿಗೂ ಮುಂಚೆ ಉಸಿರು ಕಟ್ಟಿ ನಿಲ್ಲುತ್ತಿದ್ದ. ಮಷೀನು ಗುರ್ರೆಂದರೆ ಈಗ ಅವನ ಎದೆಯೂ ಹಾರುತ್ತಿತ್ತು. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೊರಗೆ ರಸ್ತೆಯಂಚಿಗೆ ಹೋಗಿ ಒಬ್ಬನೇ ಉಣ್ಣುತ್ತಿದ್ದ. ದಾಜಿ ಎಂಬ ಮಾತು ಅವನ ಬಾಯಿಗೆ ಮತ್ತೆ ಬರಲಿಲ್ಲ. ನಾನು ಅವನಿಂದ ಕಸಿದದ್ದೇನು, ಧೈರ್ಯವೋ ಹುಚ್ಚೋ ಎಂದು ನಾಮದೇವ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಇನ್ನು ಆ ಕೈಗೆ ಏನಾದರೂ ಆದರೆ ಕೋಲು ಸೀಳಿದವನ ತಲೆಗೇ ಬರುವುದೆಂಬ ಭಯ ಬೇರೆ.

ದೀಪಾವಳಿ ಬಂತು. ಭಾವುಬೀಜದ ದಿನ ಮಾಯಾ ತಮ್ಮನಿಗಾಗಿ ಮಣೆ ಹಾಕಿ, ಆರತಿ ತಟ್ಟೆ ಸಿದ್ಧಮಾಡಿಕೊಂಡು ಕೂತಳು. ಇಷ್ಟು ವರ್ಷದಲ್ಲಿ ಅವನು ತಪ್ಪಿಸಿದ್ದಿಲ್ಲ. ಹೊತ್ತು ಇಳಿಯಿತು. ಫೋನು ಹಚ್ಚಿದರೆ ಎತ್ತಲಿಲ್ಲ.

“ಭೀಮಸಿ ಕೈಗೇನರ ಆಗೇತೇನ್ರಿ?” ಎಂದಳು ಗಾಬರಿಯಾಗಿ. “ನನ್ನ ಮುಂದ ಮುಚ್ಚಬ್ಯಾಡ್ರಿ.”

“ಏನೂ ಆಗಿಲ್ಲ. ಹತ್ತೂ ಬೆರಳ ಅದಾವ.”

“ಮತ್ತ ಯಾಕ ಬರವಲ್ಲ?”

ನಾಮದೇವ ಮಣೆಯ ಸುತ್ತ ಹಾಕಿದ ರಂಗೋಲಿ ತುಳಿಯದಂತೆ ದಾಟಿ ಬಂದ. ನಂತರ ಅವಳೆದುರು ಬರಿನೆಲಕ್ಕೆ ಕೂತು, “ನಾ ಒಂದ ಕೆಲಸ ಮಾಡೇನಿ,” ಎಂದು ಹೇಳತೊಡಗಿದ.