ಕಾಪುವಿನ ಕ್ಯಾನು

ಕಾಪುವಿನಿಂದ ಬರುವ ಎಣ್ಣೆಯಲ್ಲಿ ಏನೋ ಮೋಸವಿದೆ ಎಂದು ಶಮ್ನಾಗೆ ಗೊತ್ತಾದದ್ದು ಶುಕ್ರವಾರ ಬೆಳಿಗ್ಗೆ.

ಅವಳು ಮಣಿಪಾಲದಲ್ಲಿ ಸಂಶೋಧನೆ ಮಾಡುವ ಹುಡುಗಿ. ಸಮುದ್ರದ ತಳದಲ್ಲಿ ತೈಲಬಾವಿ ಕೊರೆಯುವಾಗ ಯಂತ್ರ ಸಲೀಸಾಗಿ ತಿರುಗಲೆಂದು ಒಂದು ಬಗೆಯ ಕೆಸರನ್ನು ಒಳಗೆ ಬಿಡುತ್ತಾರೆ. ಅದಕ್ಕೆ ಡೀಸೆಲ್ ಬೆರೆಸುವುದುಂಟು. ನೀರಿಗೆ ಸೇರಿದರೆ ಮೀನಿಗೆ ಅದು ವಿಷ. ಡೀಸೆಲಿನ ಬದಲು, ಕರಿದು ಉಳಿದ ಎಣ್ಣೆಯಿಂದಲೇ ನಿರಪಾಯದ ಜಾರುದ್ರವ ಮಾಡಬೇಕೆಂಬುದು ಅವಳ ಹಟ. ಹೂಡೆಯಲ್ಲಿ ಮೀನು ಮಾರುವ ಶೇಕಬ್ಬನ ಮಗಳಿಗೆ ಈ ಹಟ ಯಾಕೆಂದು ಯಾರೂ ಕೇಳಲಿಲ್ಲ.

ಎಣ್ಣೆ ಬರುತ್ತಿದ್ದುದು ಎರಡು ಕಡೆಯಿಂದ. ಕಾರ್ಕಳದ ಹೋಟೆಲಿನದು ಮಹಾ ಮೊಂಡು. ಹನ್ನೊಂದು ಸಲ ಸಾಬೂನಿನ ಗಂಜಿಯಾಗಿ ಕೆಟ್ಟು, ಹನ್ನೆರಡನೆಯ ಸಲ ಒಂದು ಬಾಟಲಿಯಷ್ಟು ಸರಿಹೋಗಿತ್ತು. ಕಾಪು ಕಡಲತೀರದಲ್ಲಿ ಮೀನು ಕರಿದು ಮಾರುವ ವಾರಿಜಳದು ಹೇಳಿದ ಹಾಗೆ ಕೇಳುತ್ತಿತ್ತು. ಮಾರ್ಗದರ್ಶಕ ಸ್ಟ್ಯಾನಿಸ್ಲಾಸ್ ಸರ್ ಅದೇ ಫಲಿತಾಂಶ ನಂಬಿ ಸೋಮವಾರ ತೈಲ ಕಂಪೆನಿಯವರನ್ನು ಕರೆಸಿದ್ದರು. ಅವರು ಒಪ್ಪಿದರೆ ನಿಜವಾದ ಬಾವಿಯಲ್ಲೇ ಪರೀಕ್ಷೆ.

ಶುಕ್ರವಾರ ಅವಳು ವಾರಿಜಳ ಕ್ಯಾನಿನ ಎಣ್ಣೆಯನ್ನು ಏನೂ ಬೆರೆಸದೆ ಪರೀಕ್ಷಿಸಿದಳು. ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಆದರೆ ಫಲ ಚೆನ್ನಾಗಿ ಬರುತ್ತಿರುವಾಗ ಬೇರು ಕೆದಕುವ ಬುದ್ಧಿ ಯಾರಿಗೆ ಬರುತ್ತದೆ? ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಇರಬೇಕಾದಷ್ಟು ಹುಳಿ ಅದರಲ್ಲಿ ಇರಲೇ ಇಲ್ಲ. ಅರ್ಧಕ್ಕರ್ಧ ಅಂಗಡಿಯ ಹೊಸ ಎಣ್ಣೆ! ಆರು ತಿಂಗಳ ಕೆಲಸ ನೀರುಪಾಲು. ಸಿಕ್ಕಿದ ಬಸ್ಸು ಹತ್ತಿ ಕಾಪುವಿಗೆ ಹೊರಟಳು.

ವಾರಿಜ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದಳು.

"ವಾರಿಜಕ್ಕ, ಕ್ಯಾನಿಗೆ ಹೊಸ ಎಣ್ಣೆ ಹಾಕ್ತೀರಾ?"

"ಹೌದು ಮಗಾ. ಕರಿದದ್ದನ್ನು ಬಟ್ಟೆಯಲ್ಲಿ ಸೋಸಿ, ಮೇಲಿಂದ ಅರ್ಧ ಹೊಸತು ಹಾಕ್ತೇನೆ. ಯಾಕೆ, ಸಾಕಾಗಲಿಲ್ವಾ?"

"ನನಗೆ ಬೇಕಾದದ್ದೇ ಕೊಳಕು ಎಣ್ಣೆ!" ಶಮ್ನಾಳ ದನಿ ಏರಿತು. "ನಿಮಗೆ ಯಾರು ಹೇಳಿದ್ದು ಹೊಸತು ಹಾಕ್ಲಿಕ್ಕೆ?"

ವಾರಿಜ ಕೈ ಒರೆಸಿಕೊಂಡಳು. "ಇದು ಕಡಲಿಗೆ ಹೋಗ್ತದೆ ಅಂತ ನೀನೇ ಹೇಳಿದ್ದಲ್ವಾ? ನಮ್ಮವರು ಅಲ್ಲೇ ಇರುವುದು ಮಗಾ. ಆ ಕರಿ ಎಣ್ಣೆಯನ್ನು ಅವರಿರುವಲ್ಲಿಗೆ ಹೇಗೆ ಕಳಿಸುವುದು?"

ವಾರಿಜಳ ಗಂಡ ಕಿಟ್ಟ ಹೋದ ದೋಣಿ ಆರು ವರ್ಷದ ಹಿಂದೆ ಮಗುಚಿತ್ತು. ಇಬ್ಬರ ಹೆಣ ದಡಕ್ಕೆ ಬಂತು, ಕಿಟ್ಟನದು ಬರಲೇ ಇಲ್ಲ. ಅಂದಿನಿಂದ ವಾರಿಜ ಪಾತ್ರೆ ತೊಳೆದ ನೀರನ್ನೂ ಮರಳಿಗೆ ಚೆಲ್ಲದೆ ರಸ್ತೆಯಾಚೆಯ ಗುಂಡಿಗೆ ಹೊತ್ತು ಸುರಿಯುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ಶಮ್ನಾ ಕೂಡ ಒಮ್ಮೆ ನಕ್ಕಿದ್ದಳು. ಈಗ ಅದಕ್ಕೆ ನಾಚಿಕೆಯಾಯಿತು.

ಅಲ್ಲಿಂದಲೇ ಫೋನು ಮಾಡಿದಳು. "ಸರ್, ಕಾಪುವಿನ ಫಲಿತಾಂಶ ಯಾವುದೂ ಲೆಕ್ಕಕ್ಕಿಲ್ಲ. ಎಣ್ಣೆಗೆ ಹೊಸತು ಬೆರೆತಿತ್ತು. ನಾನು ನೋಡಬೇಕಿತ್ತು, ನೋಡಲಿಲ್ಲ."

"ಸೋಮವಾರ ಬರುವುದು ಬೇಡ ಅಂತ ಅವರಿಗೆ ತಿಳಿಸ್ತೇನೆ," ಎಂದಷ್ಟೇ ಹೇಳಿ ಸರ್ ಫೋನು ಇಟ್ಟುಬಿಟ್ಟರು.

"ನನ್ನಿಂದ ಹಾಳಾಯ್ತಾ?" ವಾರಿಜ ಕೇಳಿದಳು.

ಶಮ್ನಾ ಚೀಲದಿಂದ ಆ ಒಂದು ಬಾಟಲಿ ತೆಗೆದು ಕೊಟ್ಟಳು. "ಇದು ಕಾರ್ಕಳದ ಕರಿ ಎಣ್ಣೆಯಿಂದಲೇ ಆದದ್ದು ಅಕ್ಕ. ಹನ್ನೊಂದು ಸಲ ಕೆಟ್ಟಿತು. ಇದು ನೀರಿಗೆ ಬಿದ್ದರೆ ಸಣ್ಣ ಜೀವಿಗಳು ತಿಂದು ಮುಗಿಸ್ತವೆ."

ವಾರಿಜ ಎರಡು ಹನಿ ಬೆರಳಿಗೆ ಹಚ್ಚಿ ಉಜ್ಜಿದಳು, ಮೂಸಿದಳು, ಕಡಲಿನ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ, ಎರಡು ದಿನ ಕರಿದ ಎಣ್ಣೆಯಿದ್ದ ಬಾಣಲೆಯನ್ನೇ ಹೊತ್ತು ತಂದಳು. ಸೋಸದೆ, ಬಟ್ಟೆ ಹಿಡಿಯದೆ, ಆ ಕರಿ ಎಣ್ಣೆಯನ್ನು ಚೂರುಪಾರುಗಳ ಸಮೇತ ಕ್ಯಾನಿಗೆ ಸುರಿದಳು.

"ಸರಿಯಾಗಿ ತೊಳಿ ಮಗಾ," ಎಂದಳು. "ಅವರಿಗೆ ಈ ವಾಸನೆ ಆಗ್ತಿರಲಿಲ್ಲ."

ಬಸ್ಸಿನಲ್ಲಿ ಉಡುಪಿಯವರೆಗೂ ಶಮ್ನಾ ಆ ಕ್ಯಾನನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ.