ಒಂದು ಅವ್ವಲ್ ಹೌದೋ ಅಲ್ಲೋ

ಹೊರಗ ಟಾಂಗಾದ ಗೆಜ್ಜಿ ಸಪ್ಪಳ, ರೋಜಾ ದರ್ಗಾಕ್ಕ ಹೊಂಟ ಮಂದಿ ಇರಬೇಕು, ಹೋಗ್ಲಿ, ಅತ್ತ ಕಿವಿ ಯಾಕ, ಎದುರಿಗಿ ದೊಡ್ಡ ಟೀಚರು, ಜೈನಾಬಿ ಉಸ್ತಾನಿ ಕುಂತಾರ, ಈ ಹೆಣ್ಮಕ್ಕಳ ಸಾಲ್ಯಾಗ ಲೆಕ್ಕ ಕಲಿಸೋ ನೌಕರಿ ನನಗ ಕೊಡೋದು ಬಿಡೋದು ಅವರ ಕೈಯಾಗ, ಸಿಕ್ರ ಗಾಜಿಪುರದಾಗ ನಂದೇ ಒಂದು ಖೋಲಿ, ಸಿಗಲಿಲ್ಲ ಅಂದ್ರ ತಿರುಗಿ ಕಮಲಾಪುರ, ಅಣ್ಣನ ಮನಿ, ವೈನಿ ಮಾರಿ — ಲಲಿತಾಬಾಯಿ, ಎರಡು ಮೂರು ಐದು ಏಳು, ಇವಕ್ಕ ಅವ್ವಲ್ ಸಂಖ್ಯಾ ಅಂತ ಯಾಕಂತಾರ್ರೀ, ಉಸ್ತಾನಿ ಕೇಳಿದ್ರು, ಅಯ್ಯ, ಇಷ್ಟೇ ಏನು, ಇದು ಅಪ್ಪ ಬಾಳಿ ತ್ವಾಟದಾಗ ಕೂಡಿಸಿ ಕಲಿಸಿದ್ದು, ಕೆಂಪು ಬಾಳಿಹಣ್ಣು ಹನ್ನೆರಡು ಇಟ್ಟು ಸಾಲು ಮಾಡವ್ವ ಅಂತಿದ್ದ, ನಾಕರಂಗ ಮೂರು ಸಾಲು, ಸರಿ, ಹದಿಮೂರು ಇಟ್ಟ, ಏನ್ ಮಾಡಿದ್ರೂ ಸಮ ಸಾಲು ಬರವಲ್ದು, ಉದ್ದಕ ಒಂದೇ ಸಾಲು, ಸಿಟ್ಟಿಗಿ ಒಂದು ಹಣ್ಣು ಸುಲದು ತಿಂದ್ಬಿಟ್ಟೆ, ಅಪ್ಪ ನಕ್ಕಿದ್ದೇ ನಕ್ಕಿದ್ದು — ಹಿಂಗ ಹಂಚಾಕ ಬರದವಕ್ಕ ಅವ್ವಲ್ ಅಂತಾರ ಮಗಳ, ಮೊದಲನೇವು, ಯೂನಾನಿ ಮಂದಿ, ಅಂದ್ರ ಗ್ರೀಕರು, ಇಟ್ಟ ಹೆಸರು, ಅರಬರು ತಮ್ಮ ಮಾತಿಗಿ ತಂದ್ರು, ಇವು ಮೊದಲು, ಉಳದವೆಲ್ಲಾ ಇವನ್ನ ಗುಣಿಸಿ ಹುಟ್ಟಿದವು, ಎರಡು ಮೂರ್ಲೆ ಆರು, ಮೂರು ಐದ್ಲೆ ಹದಿನೈದು — ಹಾಂಗೇ ಹೇಳ್ದೆ, ಉಸ್ತಾನಿ ಭೇಷ್ ಅಂದ್ರು, ಜೀವ ಹಗುರಾತು.

ಹಂಗಾದ್ರ ಒಂದು, ಅದೂ ಅವ್ವಲ್ ಹೌದೋ ಅಲ್ಲೋ — ಅಲ್ರೀ, ಕಿತಾಬಿನ್ಯಾಗ ಹೌದಂತ ಬರದದಲ್ಲ, ಉಸ್ತಾನಿ ಅಂದ್ರು, ಇರಲಿ ಬಿಡ್ರಿ, ಕಿತಾಬು ಬರದವ್ರೂ ಮನುಷ್ಯಾರೇ, ಅಯ್ಯಯ್ಯ ನನ್ನ ನಾಲಿಗಿ, ಯಾಕಲ್ಲ ಹೇಳ್ರಿ, ಯಾಕಂದ್ರ, ಯಾಕಂದ್ರ ಒಂದರ ಕೂಡ ಯಾವ ಸಂಖ್ಯಾ ಗುಣಿಸಿದ್ರೂ ಇದ್ದದ್ದೇ ಇರ್ತದ, ಹೊಸಾದೇನೂ ಹುಟ್ಟಂಗಿಲ್ಲ — ಅತ್ತಿದೂ ಇದೇ ಮಾತು, ಹನ್ನೊಂದು ವರ್ಷ, ಇಕಿನ್ನ ಕಟ್ಗೊಂಡು ಏನೂ ಹುಟ್ಟಲಿಲ್ಲ, ಆಮ್ಯಾಲ ನನ್ನ ಗಂಡ ದೇವೀಂದ್ರಪ್ಪ ಇನ್ನೊಬ್ಬಾಕಿನ್ನ ಮಾಡ್ಕೊಂಡ, ಆಕಿಗಿ ವರ್ಷದಾಗ ಕೂಸು, ನಾ ಗಂಟು ಕಟ್ಗೊಂಡು ಅಣ್ಣನ ಮನಿಗಿ ಬಂದೆ, ಸುಡ್ಲಿ ಅದು, ಸಂಕಟ ಆಗ್ತದ, ಭಾಳ ಆಗ್ತದ, ಆದ್ರ ಲೆಕ್ಕ ಲೆಕ್ಕನೇ, ಲೆಕ್ಕದ್ದಷ್ಟೇ ಬಾಯಿಬಿಟ್ಟು ಹೇಳ್ದೆ, ಉಸ್ತಾನಿ ನಕ್ಕು ಲೇಖಣಿ ದೌತಿಗಿ ಅದ್ದಿದ್ರು, ನಾಳಿಂದ ಬರ್ರಿ ಅಂದ್ರು, ಬಂತು ನನ್ನ ಖೋಲಿ, ಸರಕಾರಿ ಕಾಗದ ತುಂಬಾಕತ್ತಾರ, ಹೆಸರು, ಊರು, ತಂದಿ ದೌಲಪ್ಪ, ಬರದ್ರು, ಮಕ್ಕಳೆಷ್ಟು — ಲೇಖಣಿ ನಿಂತದ, ತುದೀಗಿ ಮಸಿ ಹನಿ, ಮಕ್ಕಳೆಷ್ಟ್ರೀ ಲಲಿತಾಬಾಯಿ, ಹನಿ ದಪ್ಪ ಆಗಾಕತ್ತದ, ಸೊನ್ನಿ ಅಂದ್ರಾತು, ಅನ್ನು, ಬಾಯಾಗಿಂದ ಬರವಲ್ದು, ಲೇಖಣಿ ಎತ್ತಿದ್ದು ಎತ್ತಿದಂಗದ, ಹನಿ ಬೀಳವಲ್ದು —